ಮೋಸ, ವಂಚನೆ, ನಂಬಿಕೆ ದ್ರೋಹ: ಕಂಪ್ಲೇಂಟಲ್ಲಿ ಯಾವ್ದನ್ನ ಹೇಗೆ ಬರೀಬೇಕು

ಮೋಸ ಅನ್ನೋದು ನಮ್ಮ ಬಾಯಲ್ಲಿ ದಿನಾ ಓಡಾಡೋ ಪದ. ತೂಕ ಕಮ್ಮಿ ಬಂದ್ರೂ ಮೋಸ, ಚೀಟಿ ದುಡ್ಡು ಎತ್ಕೊಂಡು ಓಡಿಹೋದ್ರೂ ಮೋಸ, ಕೊನೆಗೆ "ಊಟಕ್ಕೇನೂ ಮೋಸ ಇಲ್ಲ" ಅಂದ್ರೆ ಕೊರತೆ ಇಲ್ಲ ಅಂತ. ಇಷ್ಟು ಅಗಲವಾದ ಪದ ಮಾತಿಗೆ ಸರಿ, ಆದ್ರೆ ದುಡ್ಡು ಕಳ್ಕೊಂಡವ್ರು ಸ್ಟೇಷನ್ನಿಗೆ ಹೋಗಿ "ನನಗೆ ಮೋಸ ಆಗಿದೆ, ನ್ಯಾಯ ಕೊಡ್ಸಿ" ಅಂತಷ್ಟೇ ಬರ್ಕೊಟ್ರೆ, ಇದು ಸಿವಿಲ್ ಮ್ಯಾಟರ್ ಕೋರ್ಟಿಗೆ ಹೋಗಿ ಅಂತ ವಾಪಸ್ ಕಳ್ಸೋದಕ್ಕೆ ದಾರಿ ಆಗತ್ತೆ.

ಮೊದ್ಲು ಬಳಕೆ. ಮೋಸ ಮಾಡೋದು ಅವನು, ಮೋಸ ಹೋಗೋದು ನಾವು. ವಂಚನೆ ಅಂದ್ರೂ ಹೆಚ್ಚುಕಮ್ಮಿ ಅದೇ, ಪೇಪರ್ ಮತ್ತೆ ಕೋರ್ಟಿನ ಭಾಷೆ ಅಷ್ಟೆ. ಆದ್ರೆ "ವಂಚಿತ" ಬೇರೆ, ಶಿಕ್ಷಣದಿಂದ ವಂಚಿತರು ಅಂದ್ರೆ ಸಿಗ್ಬೇಕಾದ್ದು ಸಿಗದವ್ರು, ಹಾಗಾಗಿ ಅರ್ಜಿಲಿ "ನಾನು ಹಣದಿಂದ ವಂಚಿತನಾದೆ" ಅಂತ ಬರೆದ್ರೆ ಯಾರೋ ವಂಚಿಸಿದ್ರು ಅನ್ನೋದೇ ಮರೆಯಾಗತ್ತೆ. ಟೋಪಿ ಹಾಕ್ದ, ಪಂಗನಾಮ ಹಾಕ್ದ, ಚಳ್ಳೆಹಣ್ಣು ತಿನ್ನಿಸ್ದ, ಇವೆಲ್ಲ ಹರಟೆಗೆ ಚೆಂದ, ಅರ್ಜಿಗೆ ಬೇಡ.

ಕಾನೂನಲ್ಲಿ ವಂಚನೆ ಅಂದ್ರೆ ಸುಳ್ಳು ಹೇಳಿ ನಂಬಿಸಿ, ಆ ನಂಬಿಕೆ ಮೇಲೆ ನಿಮ್ಮ ಕೈಯಿಂದ ದುಡ್ಡೋ ಆಸ್ತಿನೋ ಬಿಡಿಸ್ಕೊಳ್ಳೋದು. ಹಳೇ ಐಪಿಸಿ, ಅಂದ್ರೆ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 420 ಇದೇ, ಅದಕ್ಕೇ ಮೋಸಗಾರರಿಗೆ ಫೋರ್ ಟ್ವೆಂಟಿ ಅನ್ನೋ ಹೆಸರು ಬಂದಿದ್ದು. 2024ರ ಜುಲೈ 1ರಿಂದ ಅದ್ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದ್ರಲ್ಲಿ ಇದು ಸೆಕ್ಷನ್ 318(4), ಶಿಕ್ಷೆ 7 ವರ್ಷದ ತನಕ. ಬೇರೆಯವ್ರ ಹೆಸರು ಹೇಳ್ಕೊಂಡು, ಪೊಲೀಸ್ ಆಫೀಸರ್ ಅಂತ ಫೋನ್ ಮಾಡಿ ವಂಚಿಸಿದ್ರೆ 319. ನೀವೇ ನಂಬಿ ಒಪ್ಪಿಸಿದ ದುಡ್ಡು, ಒಡವೆನ ಆಮೇಲೆ ನುಂಗಿದ್ರೆ ಅದು ನಂಬಿಕೆ ದ್ರೋಹ, 316.

ಎಲ್ಲದಕ್ಕಿಂತ ಮುಖ್ಯ ಇದು: ವಂಚನೆ ಅನ್ನಿಸ್ಕೊಳ್ಳೋಕೆ ಅವನ ಕೆಟ್ಟ ಉದ್ದೇಶ ಶುರುವಲ್ಲೇ ಇರ್ಬೇಕು ಅಂತ ಸುಪ್ರೀಂ ಕೋರ್ಟ್ ಎಷ್ಟೋ ಕೇಸಲ್ಲಿ ಹೇಳಿದೆ. ಸಾಲ ತಗೊಂಡವ್ನು ಬಿಸಿನೆಸ್ ಮುಳುಗಿ ಕಟ್ಲಿಲ್ಲ ಅಂದ್ರೆ ಅಷ್ಟಕ್ಕೇ ವಂಚನೆ ಆಗಲ್ಲ. ಇಲ್ಲದ ಸೈಟ್ ತೋರ್ಸಿ ಅಡ್ವಾನ್ಸ್ ತಗೊಂಡ್ರೆ, ಒಂದೇ ಸೈಟನ್ನ ನಾಲ್ಕು ಜನಕ್ಕೆ ಮಾರಿದ್ರೆ ವಂಚನೆ. ಅದಕ್ಕೇ ಅರ್ಜಿಲಿ ಬೈಗುಳ, ಕಣ್ಣೀರು ಕಮ್ಮಿ ಮಾಡಿ ಘಟನೆ ಬರೀರಿ: ಯಾವ ತಾರೀಕು, ಎಲ್ಲಿ, ಯಾರ ಮುಂದೆ ಏನು ಹೇಳ್ದ, ಅದನ್ನ ನಂಬಿ ನೀವು ಯಾವ ಅಕೌಂಟಿಂದ ಎಷ್ಟು ಹಾಕಿದ್ರಿ, ಅವನು ಹೇಳಿದ್ದು ಆಗ್ಲೇ ಸುಳ್ಳಾಗಿತ್ತು ಅಂತ ಹೇಗೆ ಗೊತ್ತಾಯ್ತು. ಈ ಕೊನೇದನ್ನೇ ತುಂಬಾ ಜನ ಬಿಟ್ಬಿಡ್ತಾರೆ, ಕೇಸ್ ನಿಲ್ಲೋದೇ ಅದ್ರ ಮೇಲೆ. ವಾಟ್ಸಾಪ್ ಚಾಟ್, ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಿ, ಚಾಟ್ ಡಿಲೀಟ್ ಮಾಡ್ಬೇಡಿ. ಸೆಕ್ಷನ್ ಯಾವ್ದು ಅಂತ ನೀವು ಬರೀಲೇಬೇಕು ಅಂತಿಲ್ಲ.

ಆನ್‌ಲೈನಲ್ಲಿ ದುಡ್ಡು ಹೋಗಿದ್ರೆ ಇದ್ಯಾವ್ದಕ್ಕೂ ಕಾಯ್ಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ, ದುಡ್ಡು ಇನ್ನೊಂದು ಅಕೌಂಟಿಗೆ ಹಾರೋ ಮುಂಚೆ ಹೇಳಿದ್ರೆ ತಡೆಯೋ ಅವಕಾಶ ಇರತ್ತೆ.

ಫೇಸ್‌ಬುಕ್ಕಲ್ಲಿ ಅವನ ಫೋಟೋ ಹಾಕಿ "ವಂಚಕ" ಅಂತ ಬರೆಯೋದು ಬೇಡ, ಸಿಟ್ಟು ನ್ಯಾಯವಾದ್ದೇ, ಆದ್ರೆ ಮಾನನಷ್ಟ ಕೇಸ್ ನಿಮ್ಮ ಮೇಲೇ ತಿರುಗ್ಬಹುದು. ಸ್ಟೇಷನಲ್ಲಿ ದೂರು ತಗೊಳ್ಳಲ್ಲ ಅಂದ್ರೆ ಅದೇ ಅರ್ಜಿನ ಪೋಸ್ಟಲ್ಲಿ ಎಸ್ಪಿಗೆ ಕಳ್ಸಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗ್ಬಹುದು. ಎಫ್‌ಐಆರ್ ಆದ್ರೆ ಅದ್ರ ಕಾಪಿ ನಿಮಗೆ ಫ್ರೀಯಾಗಿ ಕೊಡ್ಲೇಬೇಕು, ಕೇಳಿ ತಗೊಳ್ಳಿ.