ಮ್ಯಾಂಚೆಸ್ಟರ್‌ಗೆ ಹೊರಟ ಹಾಸನದ ಮಕ್ಕಳಿಗೆ: ಒಂದು ಶನಿವಾರ ಮಾಸ್ಟನ್‌ಗೆ ಹೋಗಿ

ಆಗಸ್ಟ್ ಬಂತೆಂದರೆ ಹಾಸನದ ನಮ್ಮ ಮನೆಗೆ ಯಾರಾದರೂ ಒಬ್ಬರು ಬಂದೇ ಬರುತ್ತಾರೆ. ಮಗಳಿಗೆ ಮ್ಯಾಂಚೆಸ್ಟರ್‌ನಲ್ಲಿ ಸೀಟು ಸಿಕ್ಕಿದೆ, ಏನೇನು ಕಟ್ಟಿ ಕಳಿಸೋಣ ಅಂತ ಕೇಳುತ್ತಾರೆ. ನಾನು ಆ ಊರಲ್ಲಿ ಆರು ವರ್ಷ ನರ್ಸ್ ಆಗಿದ್ದೆ, ಅದಕ್ಕೆ. ಕುಕ್ಕರು, ಹುಳಿಪುಡಿ, ಥರ್ಮಲ್ ಬಟ್ಟೆ ಎಲ್ಲ ಹೇಳಿ ಮುಗಿಸಿದ ಮೇಲೆ ಇನ್ನೊಂದು ಮಾತು ಸೇರಿಸುತ್ತೇನೆ. ಹೋದ ಮೊದಲ ತಿಂಗಳಲ್ಲೇ ಒಂದು ಶನಿವಾರ ಆ ಊರಿನದೇ ಬಡಾವಣೆ ಮಾಸ್ಟನ್‌ಗೆ ಹೋಗಿ, ಎಫ್‌ಸಿ ಯುನೈಟೆಡ್ ಅನ್ನೋ ಕ್ಲಬ್ಬಿನ ಫುಟ್‌ಬಾಲ್ ಆಟ ನೋಡಿ.

'ಮ್ಯಾಂಚೆಸ್ಟರ್ ಯುನೈಟೆಡಾ ಅಕ್ಕ?' ಅಂತ ಹುಡುಗರ ಮುಖ ಅರಳುತ್ತದೆ. ಅಲ್ಲಪ್ಪ. ಅದರಿಂದ ಹೊರಗೆ ಬಂದವರು ಕಟ್ಟಿದ ಕ್ಲಬ್ಬು ಇದು. 2005ರಲ್ಲಿ ಅಮೆರಿಕದ ಮಾಲ್ಕಮ್ ಗ್ಲೇಜರ್ ಸಾಲ ಎತ್ತಿ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡರು. ಆ ಸಾಲ ಕ್ಲಬ್ಬಿನ ತಲೆ ಮೇಲೇ ಕೂತಿತು. ಅಪ್ಪ, ಅಜ್ಜನ ಕಾಲದಿಂದ ಆ ಟೀಮಿಗೆ ಕೂಗಿದ್ದ ಒಂದಷ್ಟು ಜನ, ಇನ್ನು ಸಾಕು ಅಂತ ಎದ್ದು ಬಂದು ತಮ್ಮದೇ ಟೀಮು ಮಾಡಿದರು. ಇಂಗ್ಲೆಂಡ್ ಫುಟ್‌ಬಾಲ್‌ನ ಹತ್ತನೇ ಹಂತದಿಂದ ಶುರು. ಅಷ್ಟು ಕೆಳಗಿನ ಹಂತದ ಒಂದು ಆಟಕ್ಕೆ, 2006ರ ಏಪ್ರಿಲ್‌ನಲ್ಲಿ, 6,023 ಜನ ಬಂದಿದ್ದರು.

ನಾನ್‌ಲೀಗ್ ಅನ್ನೋ ಮಾತು ಅಲ್ಲಿ ಜಾಸ್ತಿ ಕೇಳುತ್ತೀರಿ. ಮೇಲಿನ ನಾಲ್ಕು ಹಂತಗಳಲ್ಲಿ ಒಟ್ಟು 92 ಕ್ಲಬ್ಬುಗಳಿವೆ. ಅದರ ಕೆಳಗಿನದೆಲ್ಲ ನಾನ್‌ಲೀಗ್. ನಾನು ಹೋಗುತ್ತಿದ್ದಾಗ ಎಫ್‌ಸಿ ಯುನೈಟೆಡ್ ಏಳನೇ ಹಂತದಲ್ಲಿ ಆಡುತ್ತಿತ್ತು.

ನನ್ನನ್ನು ಅಲ್ಲಿಗೆ ಎಳೆದದ್ದು ಆಟಕ್ಕಿಂತ ಮೊದಲು ಈ ಮಾಲೀಕತ್ವದ ವಿಷಯ. ನಮ್ಮೂರು ಆಲೂರು ತಾಲ್ಲೂಕು. ಅಪ್ಪ ಊರಿನ ಹಾಲಿನ ಡೇರಿಗೆ ಸೆಕ್ರೆಟರಿ ಆಗಿದ್ದರು. ಬೆಳಗ್ಗೆ ಐದೂವರೆಗೆ ಕ್ಯಾನು ಸಾಲು, ಫ್ಯಾಟ್ ನೋಡುವುದು, ಬಟವಾಡೆ ದಿನ ಜಗಲಿ ತುಂಬ ಜನ. ಇದರ ನಡುವೆ ಬೆಳೆದವಳು ನಾನು. ಹತ್ತು ಹಸು ಇದ್ದವರಿಗೂ ಒಂದೇ ಓಟು, ಒಂದು ಹಸು ಕಟ್ಟಿದ ಮುದುಕಿಗೂ ಒಂದೇ ಓಟು. ಮಾಸ್ಟನ್‌ನಲ್ಲೂ ಲೆಕ್ಕ ಅದೇ. ವರ್ಷಕ್ಕೆ ಸ್ವಲ್ಪ ಚಂದಾ ಕಟ್ಟಿದರೆ ನೀವು ಮೆಂಬರು, ಅಂದರೆ ಮಾಲೀಕರಲ್ಲಿ ಒಬ್ಬರು. ಆಡಳಿತ ಮಂಡಳಿಯನ್ನು ಮೆಂಬರುಗಳೇ ಆರಿಸುತ್ತಾರೆ. ಆಟಗಾರರ ಅಂಗಿ ಮೇಲೆ ಯಾವ ಕಂಪನಿಯ ಹೆಸರೂ ಇರಬಾರದು ಅಂತ ಶುರುವಿನಲ್ಲೇ ತೀರ್ಮಾನ ಮಾಡಿಕೊಂಡವರು. ಸೀಸನ್ ಟಿಕೆಟ್‌ಗೆ ಕನಿಷ್ಠ ಇಷ್ಟು ಅಂತ ಹೇಳಿ, ಅದರ ಮೇಲೆ ನಿಮ್ಮ ಕೈಲಾದಷ್ಟು ಕೊಡಿ ಅನ್ನುತ್ತಾರೆ.

ಫೋನಲ್ಲಿ ಇದನ್ನೆಲ್ಲ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: 'ಷೇರು ಜಾಸ್ತಿ ಇಟ್ಟವನಿಗೆ ಓಟು ಜಾಸ್ತಿನಾ?' ಇಲ್ಲ ಅಂದೆ. ಮೈದಾನ ಕಟ್ಟುವಾಗ ಜನರ ಷೇರಿನಿಂದಲೇ ಸುಮಾರು 20 ಲಕ್ಷ ಪೌಂಡ್ ಬಂತು, ಉಳಿದದ್ದು ಅನುದಾನ, ಸಾಲ. ಆದರೂ ತಲೆಗೆ ಒಂದೇ ಓಟು. 'ಹಾಗಾದ್ರೆ ಸರಿ, ಹೋಗು' ಅಂದರು ಅಪ್ಪ.

ಈಗ ಹೋಗುವ ದಾರಿ. ಮೈದಾನದ ಹೆಸರು ಬ್ರಾಡ್‌ಹರ್ಸ್ಟ್ ಪಾರ್ಕ್. ಊರಿನ ಈಶಾನ್ಯಕ್ಕಿದೆ. 2015ರ ಮೇ ತಿಂಗಳಲ್ಲಿ ಪೋರ್ಚುಗಲ್‌ನ ಬೆನ್‌ಫಿಕಾ ಟೀಮನ್ನು ಕರೆಸಿ ಆಡಿ ಉದ್ಘಾಟನೆ ಮಾಡಿದರು. ಅದಕ್ಕೂ ಮೊದಲು ಹತ್ತು ವರ್ಷ ಬೇರೆಯವರ ಮೈದಾನಗಳಲ್ಲಿ ಬಾಡಿಗೆಗೆ ಇದ್ದವರು. ಊರ ಮಧ್ಯದಿಂದ ಮಾಸ್ಟನ್ ಕಡೆ ಬಸ್ಸಿದೆ. ಟ್ರಾಮ್‌ನಲ್ಲಾದರೆ ವಿಕ್ಟೋರಿಯಾ ಸ್ಟೇಷನ್ನಿನಿಂದ ಓಲ್ಡಮ್, ರಾಚ್‌ಡೇಲ್ ಕಡೆಯದ್ದು ಹತ್ತಿ 'ನ್ಯೂಟನ್ ಹೀತ್ ಅಂಡ್ ಮಾಸ್ಟನ್' ಸ್ಟಾಪಿನಲ್ಲಿ ಇಳಿದು ನಡೆಯಬೇಕು. ಚೆನ್ನಾಗೇ ನಡೆಯಬೇಕು, ಹೊತ್ತು ಇಟ್ಟುಕೊಂಡು ಹೊರಡಿ. ಕೆಂಪು, ಬಿಳಿ, ಕಪ್ಪು ಸ್ಕಾರ್ಫ್ ಹಾಕಿದವರು ಕಂಡರೆ ಅವರ ಹಿಂದೆ ಹೋದರಾಯಿತು.

ಒಂದು ಬಿಡುವಿನ ದಿನ ಅದೇ ಟ್ರಾಮಿನಲ್ಲಿ ಇಳಿಯದೆ ರಾಚ್‌ಡೇಲ್‌ವರೆಗೂ ಹೋಗಿ ಬನ್ನಿ. 1844ರಲ್ಲಿ ಅಲ್ಲಿನ ನೇಕಾರರು, ಕೂಲಿಗಳು ಸೇರಿ ಟೋಡ್ ಲೇನ್ ಅನ್ನೋ ಬೀದಿಯಲ್ಲಿ ಸಹಕಾರಿ ಅಂಗಡಿ ತೆರೆದರು. ಈಗ ಅದು ಮ್ಯೂಸಿಯಂ. ಸೆಕ್ರೆಟರಿ ಟ್ರೇನಿಂಗಿನಲ್ಲಿ ಅಪ್ಪ ಈ ಹೆಸರು ಬಾಯಿಪಾಠ ಮಾಡಿದ್ದರಂತೆ. ಆ ಬಾಗಿಲ ಮುಂದೆ ನಿಂತು ಕಳಿಸಿದ ಫೋಟೋವನ್ನು ಡೇರಿ ಗೋಡೆಗೆ ಹಾಕಿಸಿದ್ದಾರೆ, ಇವತ್ತಿಗೂ ಇದೆ. ನಮ್ಮ ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಶುರುವಾದದ್ದು 1905ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ ಈ ಫುಟ್‌ಬಾಲ್ ಕ್ಲಬ್ಬು ಹುಟ್ಟಿತು. ನನಗೆ ಇವೆರಡೂ ಒಂದೇ ಬಳ್ಳಿಯ ಕಾಯಿ ಅನ್ನಿಸುತ್ತದೆ.

ಆಟ ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಮೂರಕ್ಕೆ. ವಾರದ ನಡುವೆ ಇದ್ದರೆ ಸಂಜೆ ಏಳೂ ಮುಕ್ಕಾಲರ ಹೊತ್ತಿಗೆ. ಸೀಸನ್ ಆಗಸ್ಟ್‌ನಿಂದ ಏಪ್ರಿಲ್‌ವರೆಗೆ. ಹೊರಡುವ ಮೊದಲು, ಬೆಳಗ್ಗೆಯೇ, ಆಟ ಇದೆಯೋ ಇಲ್ಲವೋ ಕ್ಲಬ್ಬಿನ ಪೇಜಿನಲ್ಲಿ ನೋಡಿಕೊಳ್ಳಿ. ಇದನ್ನು ಮರೀಬೇಡಿ. ನನ್ನ ಮೊದಲ ಜನವರಿಯಲ್ಲಿ, ಎದುರಾಳಿಗಳ ಊರಲ್ಲಿ ಆಟ ಅಂತ ಎರಡು ಬಸ್ಸು ಬದಲಿಸಿ ಹೋದೆ. ಗೇಟಿಗೆ ಬೀಗ. ಹುಲ್ಲು ಹೆಪ್ಪುಗಟ್ಟಿದೆ, ಆಟ ಇಲ್ಲ ಅಂತ ಒಂದು ಚೀಟಿ ಅಂಟಿಸಿದ್ದರು. ನೈಟ್ ಡ್ಯೂಟಿ ಮುಗಿಸಿ ನಿದ್ದೆಗೆಟ್ಟು ಹೋಗಿದ್ದೆ. ಆ ಚಳಿಯಲ್ಲಿ ನಿಂತು ಕಣ್ಣಲ್ಲಿ ನೀರು ಬಂತು. ಮೈದಾನದಲ್ಲಿ ಮಳೆ ನೀರು ನಿಂತರೂ ಹೀಗೇ, ರೆಫರಿ ಬಂದು ತುಳಿದು ನೋಡಿ ಬೇಡ ಅಂದರೆ ಮುಗೀತು.

ಬಟ್ಟೆ ವಿಷಯದಲ್ಲಿ ಮಲೆನಾಡಿನ ಕಡೆಯವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಸಕಲೇಶಪುರದ ಜಿಟಿಜಿಟಿ ಮಳೆಗೆ ಫ್ರಿಜ್ಜಿನ ಚಳಿ ಸೇರಿಸಿ, ಅದೇ ಮ್ಯಾಂಚೆಸ್ಟರ್. ಕೊಡೆ ಬೇಡ, ಹಿಂದಿನವರಿಗೆ ಆಟ ಕಾಣುವುದಿಲ್ಲ. ಟೋಪಿ ಇರುವ ರೇನ್‌ಕೋಟು ಹಾಕಿ. ಚಳಿ ಹತ್ತುವುದು ಕಾಲಿನಿಂದ. ಎರಡು ಜೊತೆ ಸಾಕ್ಸ್, ದಪ್ಪ ಅಟ್ಟೆಯ ಬೂಟು ಬೇಕೇ ಬೇಕು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಎರಡನೇ ಅರ್ಧ ಪೂರ್ತಿ ದೀಪದ ಬೆಳಕಲ್ಲೇ ನಡೆಯುತ್ತದೆ. ಆ ಬೆಳಕಿನಲ್ಲಿ ಮಳೆ ಹನಿ ಬೀಳುವುದು ನೋಡಲು ಬಲು ಚಂದ.

ಒಳಗೆ ಹೋದ ಮೇಲೆ ಕುರ್ಚಿ ಹುಡುಕಬೇಡಿ. ಗೋಲಿನ ಹಿಂದಿನ ಟೆರೇಸಿಗೆ ಹೋಗಿ. ಟೆರೇಸ್ ಅಂದರೆ ನಮ್ಮ ಮನೆ ತಾರಸಿ ಅಲ್ಲ, ನಿಂತು ನೋಡುವ ಕಾಂಕ್ರೀಟ್ ಮೆಟ್ಟಿಲು. ಸೇಂಟ್ ಮೇರೀಸ್ ರೋಡ್ ಕಡೆಯ ಟೆರೇಸಿನಲ್ಲೇ ಹಾಡೆಲ್ಲ. ಹಾಡು ಬರದಿದ್ದರೆ ಚಪ್ಪಾಳೆ ಸಾಕು, ಮೂರನೇ ಸಲಕ್ಕೆ ತಾನಾಗಿ ಬರುತ್ತದೆ. ಪಕ್ಕದವರ ಕೈಯಲ್ಲಿ ಬಿಯರ್ ಇದ್ದರೆ ಹೆಣ್ಣುಮಕ್ಕಳು ಹೆದರಬೇಕಿಲ್ಲ. ದೊಡ್ಡ ಲೀಗುಗಳಲ್ಲಿ ಮೈದಾನ ಕಾಣುವ ಜಾಗದಲ್ಲಿ ಕುಡಿಯಲು 1985ರ ಕಾನೂನು ಬಿಡುವುದಿಲ್ಲ, ಇಷ್ಟು ಕೆಳಗಿನ ಹಂತದಲ್ಲಿ ಬಿಡುತ್ತಾರೆ. ಆರು ವರ್ಷ ಒಬ್ಬಳೇ ಹೋಗಿದ್ದೇನೆ, ಒಬ್ಬರೂ ಕೆಟ್ಟ ಮಾತಾಡಿಲ್ಲ. ಬೈಗುಳ ಕಿವಿಗೆ ಬೀಳುತ್ತದೆ, ಅದು ರೆಫರಿಗೆ.

ಇಲ್ಲಿ ಆಟಗಾರರು ಕೈಗೆಟುಕುವಷ್ಟು ಹತ್ತಿರ. ನೀವು ಕೂಗಿದ್ದು ಅವರಿಗೆ ಕೇಳುತ್ತದೆ. ಹೆಚ್ಚಿನವರಿಗೆ ಬೇರೆ ಕೆಲಸವೂ ಇರುತ್ತದೆ, ಸೋಮವಾರ ಡ್ಯೂಟಿಗೆ ಹೋಗಬೇಕು. ತಪ್ಪು ಮಾಡಿದ ಹುಡುಗನ ಹೆಸರು ಹಿಡಿದು ಹೀಯಾಳಿಸಬೇಡಿ. ಚೆಂಡು ನಿಮ್ಮ ಕಡೆ ಬಂದರೆ ಬೇಗ ಎಸೆಯಿರಿ. ಸಣ್ಣ ಊರುಗಳ ಮೈದಾನದಲ್ಲಿ ಇನ್ನೊಂದು ಪದ್ಧತಿ ಇದೆ. ಹಾಫ್‌ಟೈಮ್‌ನಲ್ಲಿ ಜನ ಎದ್ದು ಈ ಗೋಲಿನಿಂದ ಆ ಗೋಲಿಗೆ ನಡೆಯುತ್ತಾರೆ, ತಮ್ಮ ಟೀಮು ಗೋಲು ಹೊಡೆಯುವ ಕಡೆಗೆ. ನೀವೂ ಜೊತೆಗೆ ನಡೆಯಿರಿ. ಎದುರಾಳಿ ಊರಿನವರು ಎದುರಿಗೆ ಸಿಗುತ್ತಾರೆ, ನಗುತ್ತಾರೆ, ಮಾತಾಡುತ್ತಾರೆ.

ತಿನ್ನಲು ಪೈ, ಚಿಪ್ಸ್. ಪೈ ಒಳಗೆ ಏನಿದೆ ಅಂತ ಕೇಳಿಯೇ ತಗೊಳ್ಳಿ. ಮಾಂಸ ತಿನ್ನದವರು ಚೀಸ್, ಈರುಳ್ಳಿಯದ್ದು ಇದೆಯಾ ಅಂತ ಕೇಳಬಹುದು. ಬೋವ್ರಿಲ್ ಅಂತ ಬಿಸಿಬಿಸಿ ಕಂದು ಪಾನೀಯ ಕೊಡುತ್ತಾರೆ, ಅದು ದನದ ಮಾಂಸದ ಸಾರ. ಬೇಡದವರಿಗೆ ಟೀ ಇದೆ.

ಟೀ, ಆ ದಿನದ ಆಟದ ಪುಸ್ತಿಕೆ, ಲಾಟರಿ ಚೀಟಿ, ಏನಾದರೂ ಒಂದು ಕೊಳ್ಳಿ. ದುಡ್ಡು ಸುರಿಯುವ ಧಣಿ ಇಲ್ಲದ ಕ್ಲಬ್ಬು, ಈ ಚಿಲ್ಲರೆಯಿಂದಲೇ ನಡೆಯಬೇಕು. ಗೇಟಿನಲ್ಲಿ ನಿಂತವರು, ಪುಸ್ತಿಕೆ ಮಾರುವವರು ಬಹಳಷ್ಟು ಜನ ಸಂಬಳ ಇಲ್ಲದೆ ಮಾಡುವವರು. ಓದಲು ಹೋದವರಿಗೂ ಇಂಥ ಕೆಲಸ ಕೊಡುತ್ತಾರೆ, ಕೇಳಿ ನೋಡಿ. ನಾನು ಒಂದು ಚಳಿಗಾಲ ಪುಸ್ತಿಕೆ ಮಾರಿದೆ. ಆಸ್ಪತ್ರೆ, ರೂಮು, ಆಸ್ಪತ್ರೆ, ರೂಮು ಅಂತ ಒಂದು ವರ್ಷ ಕಳೆದಿದ್ದವಳಿಗೆ ಆ ಚಳಿಗಾಲದಲ್ಲಿ ಮೊದಲ ಸಲ ದಾರಿಯಲ್ಲಿ ಹೆಸರು ಹಿಡಿದು ಕರೆಯುವವರು ಸಿಕ್ಕರು.

ಪಕ್ಕದವರ ಜೊತೆ ಮಾತು ಶುರು ಮಾಡುವುದು ಹೇಗೆ ಅಂತ ಗೊತ್ತಾಗದಿದ್ದರೆ, 2010ರ ರಾಚ್‌ಡೇಲ್ ಆಟಕ್ಕೆ ಹೋಗಿದ್ರಾ ಅಂತ ವಯಸ್ಸಾದವರನ್ನು ಕೇಳಿ. ದೊಡ್ಡ, ಸಣ್ಣ ಕ್ಲಬ್ಬುಗಳೆಲ್ಲ ಸೇರಿ ಆಡುವ ಎಫ್‌ಎ ಕಪ್‌ನಲ್ಲಿ, ತಮಗಿಂತ ನಾಲ್ಕು ಹಂತ ಮೇಲಿದ್ದ ಟೀಮನ್ನು 3–2ರಿಂದ ಸೋಲಿಸಿದ ರಾತ್ರಿ ಅದು. ಗೆಲುವಿನ ಗೋಲು ಬಂದದ್ದು ಕೊನೇ ಗಳಿಗೆಯಲ್ಲಿ. ಹಾಫ್‌ಟೈಮ್ ಪೂರ್ತಿ ಅವರೇ ಮಾತಾಡುತ್ತಾರೆ, ನೀವು ಟೀ ಕುಡಿಯುತ್ತಾ ಕೇಳಿದರೆ ಸಾಕು.

ಎರಡು ಮೂರು ಸಲ ಹೋಗಿ ಮನಸ್ಸಿಗೆ ಹಿಡಿಸಿದರೆ ಮೆಂಬರಾಗಿ. ಆಮೇಲೆ ವರ್ಷದ ಮಹಾಸಭೆ ಯಾವಾಗ ಅಂತ ಕೇಳಿಕೊಂಡು ಹೋಗಿ, ಹಿಂದಿನ ಸಾಲಲ್ಲಿ ಕೂತರೂ ಪರವಾಗಿಲ್ಲ. ಲೆಕ್ಕಪತ್ರ ಓದುತ್ತಾರೆ, ಯಾರೋ ಎದ್ದು ಜಗಳ ತೆಗೆಯುತ್ತಾರೆ, ಇನ್ಯಾರೋ ಸಮಾಧಾನ ಮಾಡುತ್ತಾರೆ. ಡೇರಿ ಮೀಟಿಂಗ್ ನೋಡಿದವರಿಗೆ ಎಲ್ಲ ಅರ್ಥವಾಗುತ್ತದೆ. ಕೈ ಎತ್ತುವ ಹೊತ್ತು ಬಂದಾಗ ನೀವೂ ಎತ್ತಿ.