ಎರೆಮಣ್ಣು ಹಿಡಿದ ಬೈಕನ್ನು ನಾನು ತೊಳೆಯುವ ಬಗೆ

ನಾನಿರುವುದು ಹುಬ್ಬಳ್ಳಿಯಲ್ಲಿ, ಹೊಲವಿರುವುದು ಅಣ್ಣಿಗೇರಿಯ ಆಚೆ. ಮುಂಗಾರಿನ ಹೆಸರು ಬಿತ್ತನೆಯಿಂದ ಹಿಂಗಾರಿನ ಕಡಲೆ ಬಿತ್ತನೆಯವರೆಗೆ ವಾರಕ್ಕೆ ಎರಡು ಸಲವಾದರೂ ಬೈಕಿನಲ್ಲಿ ಹೋಗಿಬರುತ್ತೇನೆ. ಮಳೆಯಾದ ಮರುದಿನ ಗದಗ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದರೆ ಹತ್ತು ಮಾರು ದಾಟುವಷ್ಟರಲ್ಲಿ ಮಣ್ಣು ಮಡ್‌ಗಾರ್ಡ್ ತುಂಬಿ ಚಕ್ರವೇ ತಿರುಗುವುದಿಲ್ಲ. ಕಟ್ಟಿಗೆಯ ಚಕ್ಕೆಯಿಂದ ಕೆರೆದು ಮುಂದೆ ಸಾಗಬೇಕು.

ಮೊದಲ ವರ್ಷ ಒಣಗಿದ ಮೇಲೆ ಬಟ್ಟೆಯಿಂದ ತಿಕ್ಕುತ್ತಿದ್ದೆ. ಎರೆಮಣ್ಣು ಕೈಗೆ ಬೆಣ್ಣೆಯಷ್ಟು ನುಣುಪು, ಆದರೆ ಅದರೊಳಗೆ ಸುಣ್ಣಕಲ್ಲಿನ ಸಣ್ಣ ಹರಳುಗಳಿರುತ್ತವೆ. ಟ್ಯಾಂಕಿನ ಮೇಲೆ ಅವು ಎಳೆದ ಗೀರುಗಳು ಇಂದಿಗೂ ಇವೆ. ಆಮೇಲೆ ಜೋರು ನೀರು ಹೊಡೆಯುವ ಅಂಗಡಿಗೆ ಒಯ್ಯತೊಡಗಿದೆ. ಮಳೆಗಾಲ ಮುಗಿಯುವುದರೊಳಗೆ ಹಿಂದಿನ ಚಕ್ರದಿಂದ ಗರಗರ ಸದ್ದು. ಬಿಚ್ಚಿ ನೋಡಿದರೆ ಬೇರಿಂಗಿನಲ್ಲಿ ಗ್ರೀಸಿನ ಬದಲು ಕೆಸರು ನೀರಿತ್ತು.

ದಾರಿ ಹೊಳೆದದ್ದು ಹೊಲದಲ್ಲೇ. ಬೇಸಿಗೆಯಲ್ಲಿ ಗುದ್ದಲಿಗೂ ಜಗ್ಗದ ಹೆಂಟೆ ಒಂದು ಹದವಾದ ಮಳೆಗೆ ತಾನಾಗಿ ಅರಳುತ್ತದೆ. ಈ ಮಣ್ಣು ನೀರು ಕುಡಿದು ಉಬ್ಬುವ ಜಾತಿಯದು. ಉಬ್ಬಿದ ಮೇಲೆ ಹಿಡಿತ ಸಡಿಲ. ಹಾಗಾಗಿ ಈಗ ಎಂಜಿನ್ ಪೂರ್ತಿ ಆರಿದ ಮೇಲೆ, ಸೈಲೆನ್ಸರಿನ ಬಾಯಿ ಮುಚ್ಚಿ, ಇಡೀ ಬೈಕಿಗೆ ನೀರು ಚಿಮುಕಿಸುತ್ತೇನೆ. ಮಣ್ಣು ಹೆಪ್ಪುಗಟ್ಟಿದ ಕಡೆ ಒದ್ದೆ ಗೋಣಿಚೀಲ ಹೊದಿಸಿ ಅರ್ಧ ಗಂಟೆ ಬಿಡುತ್ತೇನೆ, ನಡುವೆ ಒಮ್ಮೆ ಮತ್ತೆ ನೀರು. ಆಮೇಲೆ ಚೊಂಬಿನಿಂದ ನೀರು ಸುರಿದರೆ ಸಾಕು, ಹೆಂಟೆ ಹೆಂಟೆಯಾಗಿ ಜಾರಿ ಬೀಳುತ್ತದೆ. ಎಂಜಿನ್ನಿನ ರೆಕ್ಕೆಗಳ ಸಂದಿಗೆ ಮಾತ್ರ ಬ್ರಷ್ ಬೇಕು. ಅಲ್ಲಿ ಮಣ್ಣು ಉಳಿದರೆ ಗಾಳಿಯಾಡದೆ ಎಂಜಿನ್ ಕಾಯುತ್ತದೆ.

ಎಷ್ಟೇ ದಣಿದಿದ್ದರೂ ಅದೇ ಸಂಜೆ ಒರೆಸಲೇಬೇಕಾದ ಜಾಗವೊಂದಿದೆ: ಮುಂದಿನ ಫೋರ್ಕಿನ ಹೊಳೆಯುವ ಕೊಳವೆ. ಅದರ ಬುಡದಲ್ಲಿ ರಬ್ಬರಿನ ಸೀಲ್ ಕೂತಿರುತ್ತದೆ. ಕೊಳವೆಗೆ ಅಂಟಿದ ಒಂದು ಕಾಳಿನಷ್ಟು ಮಣ್ಣು ಒಣಗಿ ಗಟ್ಟಿಯಾದರೂ ಪ್ರತಿ ಗುಂಡಿಗೂ ಅದು ಸೀಲನ್ನು ಕೆರೆಯುತ್ತದೆ, ಒಂದು ದಿನ ಎಣ್ಣೆ ಸೋರತೊಡಗುತ್ತದೆ. ಒದ್ದೆ ಬಟ್ಟೆಯಿಂದ ಸೀಲಿನ ತುಟಿಯ ಸುತ್ತ ಮೆಲ್ಲಗೆ ಒರೆಸಿಯೇ ನಾನು ಮನೆಯೊಳಗೆ ಹೋಗುವುದು.

ಮಣ್ಣು ಹೋದ ಮೇಲೂ ಚೈನಿನ ಸುತ್ತ, ಹಿಂದಿನ ಚಕ್ರದ ಮೇಲೆ ಕಪ್ಪು ಜಿಡ್ಡು ಉಳಿಯುತ್ತದೆ. ಅದು ಚೈನಿನ ಎಣ್ಣೆ ಮತ್ತು ರಸ್ತೆಯ ಮಸಿ, ನೀರಿಗೆ ಬಗ್ಗುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಡೀಸೆಲ್ಲಿನಲ್ಲಿ ಅದ್ದಿ ತಿಕ್ಕಿ, ಆಮೇಲೆ ಶಾಂಪೂ ನೀರಿನಿಂದ ತೊಳೆಯುತ್ತೇನೆ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಅದರ ಕ್ಷಾರಕ್ಕೆ ಬಣ್ಣ ಮಂಕಾಗುತ್ತದೆ. ಡಾಂಬರಿನ ಚುಕ್ಕೆಗಳಿಗೆ ಅಡುಗೆಮನೆಯ ಕುಸುಬೆ ಎಣ್ಣೆಯೇ ಸಾಕು. ಹತ್ತಿಯಲ್ಲಿ ಅದ್ದಿ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಚುಕ್ಕೆ ಮೆತ್ತಗಾಗಿ ಒರೆಸಿದಾಗ ಬರುತ್ತದೆ. ಎಣ್ಣೆಯಾಗಲಿ ಡೀಸೆಲ್ ಆಗಲಿ ಬ್ರೇಕ್ ಡಿಸ್ಕಿಗೂ ಟೈರಿಗೂ ತಾಗಬಾರದು. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ಎರಡು ಕೊಡ ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರು ಹಾಕಿ, ಹಳೆಯ ಧೋತರದಿಂದ ಕೂಡಲೇ ಒರೆಸುತ್ತೇನೆ.

ತೊಳೆದ ಮೇಲೆ ಉಣಕಲ್ ಕೆರೆಯವರೆಗೆ ನಿಧಾನವಾಗಿ ಒಂದು ಸುತ್ತು ಹೋಗಿ, ಬ್ರೇಕನ್ನು ಮೆಲ್ಲಗೆ ಹಿಡಿದು ಬಿಟ್ಟು ಒಣಗಿಸುತ್ತೇನೆ. ಬಂದವನೇ ಚೈನ್ ಬೆಚ್ಚಗಿರುವಾಗಲೇ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಂಗಲು ಬಿಡುತ್ತೇನೆ. ಬೆಳಿಗ್ಗೆ ಮೇಲೆ ನಿಂತ ಎಣ್ಣೆಯನ್ನು ಒರೆಸಿ ತೆಗೆಯುತ್ತೇನೆ, ಇಲ್ಲದಿದ್ದರೆ ಮುಂದಿನ ಸಲದ ಮಣ್ಣು ಮೊದಲು ಅಂಟುವುದು ಅಲ್ಲಿಗೇ.