ನಿಮ್ಮ ಅಡ್ಡಹೆಸರು ಎಲ್ಲಿಂದ ಬಂತು? ಹುಡುಕುವುದು ಹೀಗೆ

ಧಾರವಾಡ ಸೀಮೆಯಲ್ಲಿ ಹೊಸಬರು ಸಿಕ್ಕರೆ ಹೆಸರಿನ ಬೆನ್ನಿಗೇ ಬರುವ ಪ್ರಶ್ನೆ, ‘ಅಡ್ಡಹೆಸರು ಏನ್ರಿ?’ ಅದು ಮನೆತನಕ್ಕೆ ಯಾಕೆ ಬಂತು ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಅಜ್ಜನ ಕಾಲಕ್ಕೇ ನಿಲ್ಲುತ್ತಾರೆ. ಅಡ್ಡಹೆಸರನ್ನು ಮನೆಯವರು ಇಟ್ಟುಕೊಂಡದ್ದು ಕಡಿಮೆ, ಊರವರು ಕರೆದದ್ದೇ ಜಾಸ್ತಿ. ಹಾಗಾಗಿ ಹುಡುಕಾಟವೂ ಮನೆಯಿಂದ ಊರಿನ ಕಡೆಗೆ ಹೋಗಬೇಕು.

ಮೊದಲು, ಅದು ಯಾವ ಬಗೆಯ ಹೆಸರು ನೋಡಿ

ಪಾಟೀಲ, ಕುಲಕರ್ಣಿ, ದೇಸಾಯಿ, ತಳವಾರ ಇವೆಲ್ಲ ಹುದ್ದೆಯಿಂದ ಬಂದವು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು, ಹೆಸರು ಉಳಿಯಿತು. ಊರೂರಿಗೆ ಪಾಟೀಲಕಿ ಇತ್ತು. ಅದಕ್ಕೇ ಲಿಂಗಾಯತರಲ್ಲಿ, ಜೈನರಲ್ಲಿ, ಮರಾಠರಲ್ಲಿ, ಮುಸ್ಲಿಮರಲ್ಲಿ ಎಲ್ಲ ಕಡೆ ಪಾಟೀಲರಿದ್ದಾರೆ. ಹೆಸರು ಒಂದೇ ಎಂದು ಸುಮ್ನೆ ನೆಂಟಸ್ತನ ಕಟ್ಟಬೇಡಿ. ಬಡಿಗೇರ, ಪತ್ತಾರ, ಹೂಗಾರ, ನದಾಫ್ ಕಸುಬಿನ ಹೆಸರುಗಳು. ಅವಕ್ಕೂ ಇದೇ ಮಾತು.

ಊರಿನ ಹೆಸರಾದರೆ ಅದು ಸಾಮಾನ್ಯವಾಗಿ ಬಿಟ್ಟುಬಂದ ಊರು. ಹಾನಗಲ್ಲಿನಲ್ಲಿ ಎಲ್ಲರೂ ಹಾನಗಲ್ಲಿನವರೇ, ಅಲ್ಲಿ ಆ ಹೆಸರಿನಿಂದ ಯಾರನ್ನು ಗುರುತಿಸುವುದು, ಅಲ್ವಾ? ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎನಿಸುವುದು ‘ನವರ’ ಎಂದು ಮುಗಿಯುವ ಹೆಸರು. ಕರಿಯಪ್ಪನವರ ಎಂದರೆ ಹಿಂದೆಲ್ಲೋ ಒಬ್ಬ ಕರಿಯಪ್ಪ ಇದ್ದ. ವಂಶಾವಳಿಯಲ್ಲಿ ಅವನು ಸಿಕ್ಕರೆ ಅಡ್ಡಹೆಸರಿನ ಬುಡವೇ ಸಿಕ್ಕಿತು.

ಹೆಳವರನ್ನು ಕಾಯಿರಿ

ಕಾಗದಕ್ಕೆ ಕೈ ಹಾಕುವ ಮುಂಚೆ ನಿಮ್ಮ ಮನೆತನಕ್ಕೆ ಹೆಳವರು, ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರು, ಇದ್ದಾರೆಯೇ ಎಂದು ಹಿರಿಯರನ್ನು ಕೇಳಿ. ಒಂದೊಂದು ಹೆಳವ ಮನೆತನಕ್ಕೆ ಗೊತ್ತಾದ ಊರುಗಳು, ಗೊತ್ತಾದ ಮನೆಗಳು ಇರುತ್ತವೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ನಿಮ್ಮ ಬೆಡಗು (ಒಂದೇ ಮೂಲದ ಮನೆತನಗಳ ಬಳಿ), ಮೂಲ ಊರು, ಅಲ್ಲಿಂದ ಹೊರಟ ಹಿರಿಯ, ಅಣ್ಣತಮ್ಮಂದಿರು ಬೇರೆಯಾಗಿ ಯಾವ್ಯಾವ ಊರಿಗೆ ಹೋದರು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ತಮ್ಮ ಹೊತ್ತಿಗೆಯಲ್ಲಿ ಸೇರಿಸಿಕೊಂಡು, ಕಾಳುಕಡಿಯನ್ನೋ ದುಡ್ಡನ್ನೋ ಪಡೆದು ಹೋಗುತ್ತಾರೆ. ಅವರನ್ನು ಭಿಕ್ಷುಕರಂತೆ ಬಾಗಿಲಲ್ಲೇ ಸಾಗಹಾಕುವುದು ನೋಡಿದರೆ ಸಂಕಟವಾಗುತ್ತದೆ. ಒಳಗೆ ಕೂರಿಸಿ, ಚಹಾ ಕೊಡಿ. ಒಪ್ಪಿದರೆ ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ. ಅಡ್ಡಹೆಸರು ಯಾವ ತಲೆಮಾರಿನಿಂದ ಶುರುವಾಯಿತು ಎಂದು ತಪ್ಪದೇ ಕೇಳಿ.

ಮನೆದೇವರನ್ನೂ ಬರೆದುಕೊಳ್ಳಿ. ಸವದತ್ತಿ ಯಲ್ಲಮ್ಮ, ಮೈಲಾರಲಿಂಗ ಎಂದರೆ ಹೆಚ್ಚು ಸುಳಿವಿಲ್ಲ, ಅವರಿಗೆ ನಾಡೆಲ್ಲ ಒಕ್ಕಲು. ಯಾವುದೋ ಸಣ್ಣ ಊರಿನ ವೀರಭದ್ರನೋ ದ್ಯಾಮವ್ವನೋ ಆದರೆ ಒಮ್ಮೆ ಹೋಗಿ ಬನ್ನಿ.

ಆಮೇಲೆ ಕಾಗದ

ಹೊಲವಿದ್ದರೆ ಹಳೆಯ ಪಹಣಿ ಮತ್ತು ಹಕ್ಕು ಬದಲಾವಣೆಯ ನೋಂದಣಿಗಳನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಅಜ್ಜ ತೀರಿದಾಗ ಯಾರ್ಯಾರ ಹೆಸರು ಏರಿತು ಎಂಬುದು ಅಲ್ಲಿರುತ್ತದೆ. ಹೊಲವಿಲ್ಲದವರಿಗೆ ಊರಿನ ಹಳೆಯ ಕನ್ನಡ ಸಾಲಿಯ ದಾಖಲಾತಿ ರಿಜಿಸ್ಟರ್ ಆಸರೆ. ಗದಗ, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನದನ್ನು ಧಾರವಾಡ ಜಿಲ್ಲೆಯ ಹೆಸರಲ್ಲಿ ಹುಡುಕಬೇಕು. 1956ರ ಹಿಂದಿನದಾದರೆ ಮುಂಬೈ ಆಡಳಿತದ ಕಾಗದ. ಇನ್ನೂ ಹಳೆಯವು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರಬಹುದು, ಓದಬಲ್ಲವರ ನೆರವು ಬೇಕಾಗುತ್ತದೆ. 1884ರ ಮುಂಬೈ ಗೆಜೆಟಿಯರ್‌ನ ಧಾರವಾಡ ಸಂಪುಟ ಇಂಗ್ಲಿಷಿನಲ್ಲಿದ್ದರೂ ಒಮ್ಮೆ ತಿರುವಿಹಾಕಿ. ಸಮುದಾಯಗಳ ವಿವರದ ಜೊತೆ ಆಗಿನ ಅಡ್ಡಹೆಸರುಗಳೂ ಅದರಲ್ಲಿವೆ.

ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಬರೆಯುವವನ ಕಿವಿಗೆ ಬಿದ್ದಂತೆ ಹೆಸರು ಬದಲಾಗಿರುತ್ತದೆ.

ಎಷ್ಟು ಮಂದಿ, ಎಲ್ಲೆಲ್ಲಿ?

ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಮತದಾರರ ಪಟ್ಟಿ ಮತಗಟ್ಟೆವಾರು ಸಿಗುತ್ತದೆ. ನಿಮ್ಮ ತಾಲೂಕಿನಿಂದ ಶುರುಮಾಡಿ, ಅಡ್ಡಹೆಸರು ಕಂಡ ಊರನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿ. ‘ನವರ’ ಹೆಸರು ಒಂದೆರಡು ಊರಲ್ಲೇ ದಟ್ಟವಾಗಿದ್ದರೆ ಮೂಲ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಊರಿನ ಹೆಸರಾದರೆ ಲೆಕ್ಕ ಉಲ್ಟಾ. ಸುತ್ತಲಿನ ಹಳ್ಳಿಗಳಲ್ಲಿ ಗುರುತು ಬಿದ್ದು, ನಡುವಿನ ಆ ಊರೇ ಖಾಲಿ ಉಳಿಯಬಹುದು. ಅಲ್ಲಿಗೆ ಹೋದಾಗ ಅಡ್ಡಹೆಸರು ಹೇಳಿದರೆ ಯಾರಿಗೂ ತಿಳಿಯಲಿಕ್ಕಿಲ್ಲ. ಬೆಡಗು, ಮನೆದೇವರು, ಊರು ಬಿಟ್ಟ ಹಿರಿಯನ ಹೆಸರು ಈ ಮೂರನ್ನು ಹೇಳಿ ವಿಚಾರಿಸಿ.